‘ಪಾಸಿಟಿವ್ ಆಗಿರು’ ಅಂತ ಅಮ್ಮನಿಗೆ ಹೇಳಿದೆ, ಅರವತ್ತು ಬಳ್ಳಿ ಹೋಯಿತು

ಒಂದೂವರೆ ಎಕರೆ (ಸಕಲೇಶಪುರ ಕಡೆ)

ಎಲ್ಲರಿಗೂ ನಮಸ್ಕಾರ. ಇದನ್ನು ಈ ವೇದಿಕೆಯ ಕೃಷಿ ವಿಭಾಗಕ್ಕೆ ಹಾಕಬೇಕಾ, ಹರಟೆ ವಿಭಾಗಕ್ಕೆ ಹಾಕಬೇಕಾ ಗೊತ್ತಾಗಲಿಲ್ಲ. ಹರಟೆಗೆ ಹಾಕುತ್ತಿದ್ದೇನೆ.

ಹೋದ ವರ್ಷ ಮೇ ತಿಂಗಳ ಕೊನೆ. ನಾನು ಹಾಸನದಲ್ಲಿ ಕೆಲಸ ಮಾಡುವವನು, ಶನಿವಾರ ಭಾನುವಾರ ಮಾತ್ರ ತೋಟಕ್ಕೆ ಹೋಗುವವನು. ಅಮ್ಮ ಅಲ್ಲೇ ಇರುತ್ತಾರೆ. ಆ ವಾರ ಹೋದಾಗ ಅಮ್ಮನದು ಒಂದೇ ವರಾತ. "ಮೆಣಸಿನ ಬಳ್ಳಿಗೆ ಬೋರ್ಡೋ ಹೊಡೆಸು. ಕೆಳಗಿನ ಚರಂಡಿ ಹೂಳು ತೆಗೆಸು. ಯಾಕೋ ಈ ಸಲ ನಂಗೆ ಮನಸ್ಸು ಕೇಳ್ತಾ ಇಲ್ಲ."

ಅದೇ ವಾರ ನಮ್ಮ ಆಫೀಸಿನಲ್ಲಿ ಎರಡು ದಿನದ ತರಬೇತಿ ಆಗಿತ್ತು. ಟೈ ಕಟ್ಟಿಕೊಂಡ ಒಬ್ಬರು ಬಂದು, ಬೆಳಗ್ಗೆ ಎದ್ದ ತಕ್ಷಣ ಕನ್ನಡಿ ನೋಡಿ ನಗಬೇಕು, ನೆಗೆಟಿವ್ ಯೋಚನೆ ಬಂದರೆ ಮಣಿಕಟ್ಟಿಗೆ ಹಾಕಿಕೊಂಡ ರಬ್ಬರ್ ಬ್ಯಾಂಡ್ ಎಳೆದು ಪಟ್ ಅಂತ ಬಿಡಬೇಕು ಅಂತೆಲ್ಲ ಹೇಳಿಕೊಟ್ಟಿದ್ದರು. ನಾನು ಆ ರಬ್ಬರ್ ಬ್ಯಾಂಡ್ ಹಾಕಿಕೊಂಡೇ ತೋಟಕ್ಕೆ ಹೋಗಿದ್ದೆ (ನಗಬೇಡಿ). ಅಮ್ಮನಿಗೆ ಹೇಳಿದೆ, "ಸುಮ್ನೆ ಕೆಟ್ಟದ್ದೇ ಯೋಚಿಸ್ಬೇಡ, ಪಾಸಿಟಿವ್ ಆಗಿರು." ಅಮ್ಮ ಸುಮ್ಮನಾದರು.

ಆರಿದ್ರಾ ಮಳೆ ಹಿಡಿಯಿತು. ಪುನರ್ವಸು ಬಿಡಲೇ ಇಲ್ಲ. ಚರಂಡಿ ಕಟ್ಟಿಕೊಂಡು ಬುಡದಲ್ಲಿ ನೀರು ನಿಂತಿತು. ಸೊರಗು ರೋಗ ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಿಲ್ಲ. ಗೊತ್ತಿಲ್ಲದವರಿಗೆ: ಫೈಟಾಫ್ತೊರಾ ಅಂತ ಒಂದು ರೋಗಾಣು, ನೀರು ನಿಂತ ಮಣ್ಣು ಅದಕ್ಕೆ ಹಬ್ಬ. ಮೊದಲು ಎಲೆ ಮೇಲೆ ಕಪ್ಪು ಚುಕ್ಕೆ. ಬೇರಿಗೋ ಬುಡಕ್ಕೋ ಹತ್ತಿತು ಅಂದರೆ ಕೆಲವೇ ವಾರದಲ್ಲಿ ಇಡೀ ಬಳ್ಳಿ ಜೋತು ಬೀಳುತ್ತದೆ. ತಡೆಯಲು ಮಾಡಬೇಕಾದ್ದು ದೊಡ್ಡದೇನಲ್ಲ. ಅಮ್ಮ ಹೇಳಿದ ಬೋರ್ಡೋ ದ್ರಾವಣ ಅಂದರೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಂದು ಸಲ, ನಡುವೆ ಬಿಡುವು ಸಿಕ್ಕಾಗ ಇನ್ನೊಂದು ಸಲ. ಜೊತೆಗೆ ನೀರು ಬಸಿದು ಹೋಗಲು ದಾರಿ. ನಾನು ಯಾವುದೂ ಮಾಡಲಿಲ್ಲ. ಅರವತ್ತು ಬಳ್ಳಿ ಹೋಯಿತು. ಹಾಲುವಾಣದ ಮರಗಳು ಬೋಳಾಗಿ ನಿಂತಿವೆ.

ಅಮ್ಮ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಈಗ ಮತ್ತೆ ಮೇ ಬಂದಿದೆ. ಅದಕ್ಕೇ ಕೇಳುತ್ತಿದ್ದೇನೆ. ಭಯ, ಸಿಟ್ಟು, ದುಃಖ, ಹೊಟ್ಟೆಕಿಚ್ಚು, ನಾಚಿಕೆ ಇವನ್ನೆಲ್ಲ ನಾವು ಕಳೆ ಅಂತ ಕಿತ್ತು ಹಾಕಲು ನೋಡುತ್ತೇವಲ್ಲ, ಇವುಗಳಿಂದ ನಿಮಗೆ ನಿಜವಾಗಿ ಏನಾದರೂ ಉಪಯೋಗ ಆಗಿದೆಯಾ? ಉಪದೇಶ ಬೇಡ. ನಿಮಗೆ ಆಗಿದ್ದು ಹೇಳಿ.

ಕ್ಲಚ್ ವೈರ್ (ಹಾಸನ)

ಬದುಕಿದ್ದೇನೆ. ಅದಕ್ಕಿಂತ ಉಪಯೋಗ ಬೇಕಾ?

ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸುವವನು ನಾನು. 2024ರ ಜುಲೈಯಲ್ಲಿ ದೋಣಿಗಾಲ್ ಹತ್ತಿರ ಗುಡ್ಡ ಕುಸಿಯಿತಲ್ಲ, ಅದಾದ ಮೇಲೆ ಒಂದು ರಾತ್ರಿ. ಮಳೆ ಅಷ್ಟೇನೂ ಇರಲಿಲ್ಲ. ಪಕ್ಕದ ದರೆಯಿಂದ ಒಂದೆರಡು ಸಣ್ಣ ಕಲ್ಲು ಉರುಳಿ ಟಣ್ ಅಂತ ಗಾಡಿಗೆ ಬಡಿಯಿತು. ಅಷ್ಟೇ. ನನ್ನ ಹೊಟ್ಟೆಯೊಳಗೆ ಏನೋ ತಣ್ಣಗಾಯಿತು. ಅಗಲ ಜಾಗ ನೋಡಿ ನಿಲ್ಲಿಸಿದೆ. ಬೆಳಗಾಗುವವರೆಗೆ ಸ್ಟೇರಿಂಗ್ ಮುಟ್ಟಲಿಲ್ಲ. ಕ್ಲೀನರ್ ಹುಡುಗ ರಾತ್ರಿಯಿಡೀ ನಕ್ಕ, "ಏನಣ್ಣ, ಇಷ್ಟೊಂದು ಪುಕ್ಕಲು."

ಕತೆಯ ತಮಾಷೆ ಏನು ಗೊತ್ತಾ? ಬೆಳಗ್ಗೆ ನೋಡಿದರೆ ಏನೂ ಆಗಿರಲಿಲ್ಲ. ರಸ್ತೆ ಚೆನ್ನಾಗೇ ಇತ್ತು. ಲೋಡು ತಡವಾಗಿ ಮಾಲೀಕರಿಂದ ಬೈಸಿಕೊಂಡೆ. ಆದರೂ ನಾಳೆ ಅದೇ ಶಬ್ದ ಕೇಳಿದರೆ ಮತ್ತೆ ನಿಲ್ಲಿಸುತ್ತೇನೆ.

ಅರ್ಧ ಡಿಗ್ರಿ (ಚಿಕ್ಕಮಗಳೂರು)

ಮನಶ್ಶಾಸ್ತ್ರ ಎಂಎ ಮಾಡುತ್ತಿದ್ದೇನೆ, ಇನ್ನೂ ಮುಗಿದಿಲ್ಲ, ಹೆಸರಿನಲ್ಲೇ ಹೇಳಿದ್ದೇನೆ.

ಕ್ಲಚ್ ವೈರ್ ಅಣ್ಣ, ನೀವು ಮಾಡಿದ್ದಕ್ಕೆ ಒಂದು ಲೆಕ್ಕ ಇದೆ. ರ‍್ಯಾಂಡಾಲ್ಫ್ ನೆಸ್ಸೆ ಅಂತ ಅಮೆರಿಕದ ಮನೋವೈದ್ಯರು ಇದನ್ನು ಹೊಗೆ ಪತ್ತೆ ಮಾಡುವ ಗಂಟೆಗೆ ಹೋಲಿಸುತ್ತಾರೆ. ರೊಟ್ಟಿ ಸೀದರೂ ಆ ಗಂಟೆ ಹೊಡೆದುಕೊಳ್ಳುತ್ತದೆ. ಕಿರಿಕಿರಿಯೇ. ಆದರೆ ನಿಜವಾದ ಬೆಂಕಿಗೆ ಒಂದೇ ಒಂದು ಸಲ ಸುಮ್ಮನಿದ್ದರೆ ಮನೆಯೇ ಇರುವುದಿಲ್ಲ. ನಮ್ಮೂರ ಲೆಕ್ಕದಲ್ಲಿ ಹೇಳುವುದಾದರೆ ತೋಟದ ಮನೆಯ ನಾಯಿ. ಒಂಬತ್ತು ರಾತ್ರಿ ಮುಳ್ಳುಹಂದಿಗೋ ಗಾಳಿಗೋ ಬೊಗಳುತ್ತದೆ, ಹತ್ತನೇ ರಾತ್ರಿ ಕಿರುಬ ಬಂದಿರುತ್ತದೆ. ಒಂಬತ್ತು ರಾತ್ರಿ ನಿದ್ದೆ ಕೆಡಿಸಿತು ಅಂತ ಯಾರೂ ನಾಯಿಯನ್ನು ಮಾರುವುದಿಲ್ಲ.

ಇನ್ನೊಂದು. ಭಯವೇ ಇಲ್ಲದ ಒಬ್ಬ ಹೆಂಗಸಿನ ಬಗ್ಗೆ ನಮಗೆ ಪಾಠ ಇದೆ. ಹೆಸರು ಗುಟ್ಟಾಗಿಟ್ಟು ಎಸ್.ಎಂ. ಅಂತ ಕರೆಯುತ್ತಾರೆ, ಅಮೆರಿಕದವರು. ಅಪರೂಪದ ಕಾಯಿಲೆಯಿಂದ ಮೆದುಳಿನ ಎರಡೂ ಬದಿಯ ಅಮಿಗ್ಡಲ (ಭಯದ ಗಂಟೆ ಹೊಡೆಯುವ ಭಾಗ) ಹಾಳಾಗಿತ್ತು. ಹಾವುಗಳನ್ನೂ ಮಾರುವ ಸಾಕುಪ್ರಾಣಿ ಅಂಗಡಿಗೆ ಕರೆದುಕೊಂಡು ಹೋದರೆ ಹಾವು ಮುಟ್ಟಲು ಮುಂದಾಗುತ್ತಿದ್ದರು. ಒಂದು ರಾತ್ರಿ ಪಾರ್ಕಿನಲ್ಲಿ ಒಬ್ಬ ಕುತ್ತಿಗೆಗೆ ಚಾಕು ಹಿಡಿದ. ಮಾರನೇ ದಿನ ಅದೇ ಪಾರ್ಕಿನ ಪಕ್ಕದಲ್ಲೇ ನಡೆದು ಹೋದರು! ಧೈರ್ಯ ಅಂತ ಕಾಣುತ್ತದೆ. ಆದರೆ ಜೀವನದಲ್ಲಿ ಅವರು ಮತ್ತೆ ಮತ್ತೆ ಅಪಾಯಕ್ಕೆ ಸಿಕ್ಕಿಬಿದ್ದಿದ್ದಾರೆ. ಬೇಲಿ ಇಲ್ಲದ ತೋಟದ ಹಾಗೆ.

ಬೇಲೂರು ಬಿಸಿಲು

ಕ್ಷಮಿಸಿ, ನಾನು ಈ ಭಜನೆಗೆ ತಾಳ ಹಾಕುವುದಿಲ್ಲ.

ಭಯಕ್ಕೆ ಬೆಲೆ ಇದೆ, ಒಪ್ಪಿದೆ. ಆದರೆ ಮೇಲೆ ಪಟ್ಟಿಯಲ್ಲಿ ಸಿಟ್ಟನ್ನೂ ಸೇರಿಸಿದ್ದೀರಲ್ಲ. ನಮ್ಮಪ್ಪನಿಗೆ ಸಿಟ್ಟು ಬರುತ್ತಿತ್ತು. ಊಟದಲ್ಲಿ ಉಪ್ಪು ಜಾಸ್ತಿ ಆದರೆ ತಟ್ಟೆ ಅಂಗಳಕ್ಕೆ ಹಾರುತ್ತಿತ್ತು. ಅವರ ಸಿಟ್ಟಿನಿಂದ ನಾವು ಕಲಿತದ್ದು ಒಂದೇ: ಚಪ್ಪಲಿ ಸದ್ದಿನಲ್ಲೇ ಅವತ್ತಿನ ಹವಾಮಾನ ತಿಳಿದುಕೊಂಡು ಯಾವ ಬಾಗಿಲ ಹಿಂದೆ ಅಡಗಬೇಕು ಅನ್ನುವುದು. ಈಗ ನನಗೆ ನಲವತ್ತೈದು. ಇವತ್ತಿಗೂ ಯಾರಾದರೂ ಜೋರಾಗಿ ಬಾಗಿಲು ಹಾಕಿದರೆ ಕೈ ನಡುಗುತ್ತದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅಂತ ಹಿರಿಯರು ಸುಮ್ನೆ ಹೇಳಲಿಲ್ಲ. ಅದೂ ಅವರು ಕೊಯ್ದದ್ದು ನಮ್ಮ ಮೂಗನ್ನು.

ಸಿಟ್ಟಿಗೂ ಬೆಲೆ ಇದೆ ಅನ್ನುವವರು ಆ ಬೆಲೆ ತೆತ್ತವರು ಯಾರು ಅಂತಲೂ ಹೇಳಬೇಕು.

ಒಂದೂವರೆ ಎಕರೆ

ಬೇಲೂರು ಸಾರ್, ನೀವು ಹೇಳಿದ್ದು ಚುಚ್ಚಿತು. ನಾನು ಅಷ್ಟು ದೂರ ಯೋಚಿಸಿರಲಿಲ್ಲ. ಉತ್ತರ ಇಲ್ಲ ಸದ್ಯಕ್ಕೆ.

ಅರ್ಧ ಡಿಗ್ರಿ

ಬೇಲೂರು ಸಾರ್ ಪರ ಒಂದು ಸಾಕ್ಷಿ. ಸಿಟ್ಟನ್ನು ‘ಹೊರಗೆ ಹಾಕಿದರೆ’ ಖಾಲಿಯಾಗುತ್ತದೆ ಅನ್ನುತ್ತಾರಲ್ಲ, ದಿಂಬಿಗೆ ಗುದ್ದು, ಕಿರುಚು ಅಂತ. ಬ್ರಾಡ್ ಬುಷ್‌ಮನ್ 2002ರಲ್ಲಿ ಇದನ್ನೇ ಪರೀಕ್ಷಿಸಿದರು. ವಿದ್ಯಾರ್ಥಿಗಳಿಗೆ ಬೇಕಂತಲೇ ಸಿಟ್ಟು ಬರಿಸಿ, ಕೆಲವರಿಗೆ ಸಿಟ್ಟು ಬರಿಸಿದವನನ್ನೇ ನೆನೆದುಕೊಂಡು ಚೀಲಕ್ಕೆ ಗುದ್ದಲು ಹೇಳಿದರು. ಕೆಲವರನ್ನು ಸುಮ್ಮನೆ ಕೂರಿಸಿದರು. ಗುದ್ದಿದವರ ಸಿಟ್ಟು ಏರಿತ್ತು. ಸುಮ್ಮನೆ ಕೂತವರದೇ ಕಡಿಮೆ. ಅಂದರೆ ತಟ್ಟೆ ಎಸೆದು ಯಾರ ಸಿಟ್ಟೂ ಇಳಿಯುವುದಿಲ್ಲ. ನಾಳೆ ಎಸೆಯಲು ಅಭ್ಯಾಸ ಆಗುತ್ತದೆ, ಅಷ್ಟೇ.

ಹಾಗಂತ ನುಂಗಿದರೂ ಕಷ್ಟ. ಮುಖದಲ್ಲಿ ತೋರಿಸದೆ ಅದುಮಿಟ್ಟುಕೊಂಡವರ ಮೈಯೊಳಗೆ ಒತ್ತಡ ಜಾಸ್ತಿಯೇ ಆಗುತ್ತದೆ ಅಂತ ಜೇಮ್ಸ್ ಗ್ರಾಸ್ ಅನ್ನುವವರ ಕೆಲಸ ಇದೆ. ಯೋಚನೆಯ ವಿಷಯದಲ್ಲೂ ಅದೇ. 1987ರಲ್ಲಿ ಡೇನಿಯಲ್ ವೆಗ್ನರ್ ಅನ್ನುವವರು ‘ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಬಂದರೆ ಗಂಟೆ ಹೊಡೆಯಿರಿ’ ಅಂತ ಕೂರಿಸಿದರೆ ಗಂಟೆ ಹೊಡೆದದ್ದೇ ಹೊಡೆದದ್ದು. ಔಷಧಿ ಕುಡಿಯುವಾಗ ಮಂಗನನ್ನು ನೆನೆಯಬೇಡ ಅನ್ನುವ ಅಜ್ಜಿಯ ಕತೆ ಗೊತ್ತಲ್ಲ, ಅದೇ. ನಿಮ್ಮ ರಬ್ಬರ್ ಬ್ಯಾಂಡ್ ಕೂಡ ಅದೇ ಮಂಗ.

ವೇಷ ಕಳಚಿದವ (ಕೊಪ್ಪ)

ಮೂವತ್ತು ವರ್ಷ ಹವ್ಯಾಸಿ ಯಕ್ಷಗಾನ ಮಾಡಿದವನು. ನಮಗೆ ಈ ‘ನೆಗೆಟಿವ್’ ಅನ್ನುವ ಪದವೇ ಅರ್ಥ ಆಗುವುದಿಲ್ಲ.

ಭರತನ ನಾಟ್ಯಶಾಸ್ತ್ರದಲ್ಲಿ ಸ್ಥಾಯಿಭಾವ ಎಂಟು. ರತಿ, ಹಾಸ, ಶೋಕ, ಕ್ರೋಧ, ಉತ್ಸಾಹ, ಭಯ, ಜುಗುಪ್ಸೆ, ವಿಸ್ಮಯ. ಎಣಿಸಿ ನೋಡಿ, ಅರ್ಧಕ್ಕರ್ಧ ನೀವು ಬೇಡ ಅನ್ನುವವೇ. ಇವುಗಳ ಮೇಲೆ ಬಂದು ಹೋಗುವ ಸಂಚಾರಿ ಭಾವಗಳು 33. ಅದರಲ್ಲಿ ಶಂಕೆ, ಅಸೂಯೆ, ದೈನ್ಯ, ಚಿಂತೆ, ಆಲಸ್ಯ ಎಲ್ಲ ಉಂಟು. ಆಲಸ್ಯಕ್ಕೂ ಒಂದು ಕುರ್ಚಿ ಹಾಕಿದ್ದಾರೆ ನೋಡಿ! ಯಾವುದನ್ನೂ ಹೊರಗೆ ನಿಲ್ಲಿಸಲಿಲ್ಲ. ಸ್ಥಾಯಿ ಯಾವುದು, ಸಂಚಾರಿ ಯಾವುದು ಅಂತ ಮಾತ್ರ ವಿಂಗಡಿಸಿದರು. ಕೂತುಕೊಳ್ಳುವುದು ಯಾವುದು, ಬಂದು ಹೋಗುವುದು ಯಾವುದು.

ಭೀಮ ದ್ರೌಪದಿಯ ವಸ್ತ್ರಾಪಹರಣ ನೋಡಿ ಪಾಸಿಟಿವ್ ಆಗಿದ್ದರೆ ಪ್ರಸಂಗ ರಾತ್ರಿ ಹತ್ತಕ್ಕೇ ಮಂಗಳ ಹಾಡಬೇಕಾಗುತ್ತಿತ್ತು.

ಬೇಲೂರು ಬಿಸಿಲು

ಭಾಗವತರೇ, ರಂಗದ ಮೇಲಿನ ಸಿಟ್ಟು ನೋಡಲು ಚೆಂದ, ಯಾಕೆಂದರೆ ಗದೆ ನನ್ನ ಮೇಲೆ ಬೀಳುವುದಿಲ್ಲ. 🙂

ವೇಷ ಕಳಚಿದವ

ನಾನು ಭಾಗವತ ಅಲ್ಲ, ವೇಷಧಾರಿ. ಉಳಿದದ್ದು ಒಪ್ಪಿದೆ.

ಬಾಳೆಹೊನ್ನೂರು ಬಸ್ಸು

ನಂದು ಬೇರೆ ತಕರಾರು. ನಮ್ಮ ಕಷ್ಟ ಇರುವುದು ‘ಬೇಜಾರು’ ಅನ್ನುವ ಪದದಲ್ಲಿ.

ಯೋಚನೆ ಮಾಡಿ. ಬಸ್ಸು ಬರಲಿಲ್ಲ, ಬೇಜಾರು. ಅಜ್ಜ ತೀರಿಕೊಂಡರು, ಬೇಜಾರು. ಗೆಳೆಯ ಮದುವೆಗೆ ಕರೆಯಲಿಲ್ಲ, ಬೇಜಾರು. ಭಾನುವಾರ ಮಾಡಲು ಕೆಲಸ ಇಲ್ಲ, ಬೇಜಾರು. ಮಗ ಸುಳ್ಳು ಹೇಳಿದ, ಬೇಜಾರು. ಇವು ಐದೂ ಒಂದೇನಾ? ಒಂದು ಕಿರಿಕಿರಿ, ಒಂದು ಶೋಕ, ಒಂದು ಮುನಿಸು, ಒಂದು ಏನೂ ತೋಚದ ಸ್ಥಿತಿ, ಕೊನೆಯದು ಎದೆಯೊಳಗಿನ ಕಸಿವಿಸಿ. ಐದಕ್ಕೂ ಬೇರೆ ಬೇರೆ ಕೆಲಸ ಮಾಡಬೇಕು. ಒಂದಕ್ಕೆ ಆಟೋ ಹಿಡಿಯಬೇಕು, ಒಂದಕ್ಕೆ ಅಳಬೇಕು, ಒಂದಕ್ಕೆ ಫೋನ್ ಮಾಡಿ ಕೇಳಬೇಕು. ನಾವು ಎಲ್ಲಕ್ಕೂ ಬೇಜಾರು ಅಂತ ಒಂದೇ ಚೀಟಿ ಅಂಟಿಸಿ ಮೊಬೈಲ್ ನೋಡುತ್ತ ಮಲಗುತ್ತೇವೆ.

ಅದೇನು ಪದ ಇಲ್ಲದ ಭಾಷೆಯಾ ನಮ್ಮದು? ಅಳುಕು ಬೇರೆ, ದಿಗಿಲು ಬೇರೆ. ಅಳುಕು ಮೊದಲೇ ಇರುತ್ತದೆ, ದಿಗಿಲು ಥಟ್ಟನೆ ಬಡಿಯುತ್ತದೆ. ಕೊರಗು ಅಂದರೆ ದಿನಾ ಸ್ವಲ್ಪ ಸ್ವಲ್ಪ ತಿನ್ನುವುದು. ಹಳಹಳಿ ಅಂದರೆ ‘ಛೇ, ಹಾಗೆ ಮಾಡಬೇಕಿತ್ತು’ ಅಂತ ಮತ್ತೆ ಮತ್ತೆ ಅನ್ನಿಸುವುದು. (ಒಂದೂವರೆ ಎಕರೆಯವರೇ, ನಿಮ್ಮದು ಹಳಹಳಿ.) ಮುನಿಸು ನಮ್ಮವರ ಮೇಲೆ ಮಾತ್ರ ಬರುತ್ತದೆ, ಗುರುತಿಲ್ಲದವರ ಮೇಲೆ ಯಾರಾದರೂ ಮುನಿಸಿಕೊಳ್ಳುತ್ತಾರಾ? ತಳಮಳ, ಕಳವಳ, ಹಪಹಪಿ, ಸಂಕಟ. ಇನ್ನು ಮೈಯಲ್ಲಿ ಎಲ್ಲಿ ಆಗುತ್ತದೆ ಅಂತಲೂ ಹೇಳಿಬಿಡುತ್ತೇವೆ. ಹೊಟ್ಟೆಗೆ ಕಿಚ್ಚು, ಕರುಳು ಚುರ್ ಅನ್ನುವುದು, ಎದೆ ಝಲ್ ಅನ್ನುವುದು, ಮುಖ ಸಣ್ಣದಾಗುವುದು. ಡಾಕ್ಟರಿಗೆ ನೋವು ತೋರಿಸಿದ ಹಾಗೆ.

ಇಷ್ಟೆಲ್ಲ ಇಟ್ಟುಕೊಂಡು ಬೇಜಾರು, ಬೇಜಾರು. ಅದೂ ಪರ್ಶಿಯನ್ನಿನಿಂದ ಬಂದ ಪದ. ನನ್ನ ತಕರಾರು ಪರ್ಶಿಯನ್ ಮೇಲಲ್ಲ, ಸೋಮಾರಿತನದ ಮೇಲೆ.

ಅರ್ಧ ಡಿಗ್ರಿ

ಬಸ್ಸಣ್ಣ, ಸಖತ್. ಇದಕ್ಕೆ ಪ್ರಯೋಗದ ಬೆಂಬಲವೂ ಇದೆ. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ತಂಡ ಜನರಿಗೆ ಸಿಟ್ಟಿನ, ಭಯದ ಮುಖಗಳನ್ನು ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿತು. ಆ ಭಾವನೆಗೆ ಹೆಸರು ಆರಿಸಿ ಹೇಳಿದಾಗ ಅಮಿಗ್ಡಲದ ಸದ್ದು ತಗ್ಗಿತ್ತು. ಬರೀ ಹೆಸರಿಟ್ಟದ್ದಕ್ಕೆ! 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ಮನಸ್ಸಿಗೆ ತೀರಾ ನೋವಾದ ಸಂಗತಿ ಬರೆಸಿದರು. ಬರೆದವರಿಗೆ ಆ ಗಳಿಗೆಯಲ್ಲಿ ಹಿಂಸೆಯೇ ಆಯಿತು. ಆದರೆ ಘಟನೆ ಮತ್ತು ಅದರ ಭಾವನೆ ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆಸ್ಪತ್ರೆಗೆ ಹೋದದ್ದು ಕಡಿಮೆ.

ಮಲೆನಾಡಿಗರಿಗೆ ಒಂದು ಬೋನಸ್. ಸಿಡ್ನಿಯ ಒಂದು ಅಂಗಡಿಯಲ್ಲಿ ಕೌಂಟರ್ ಹತ್ತಿರ ಚಿಕ್ಕ ಚಿಕ್ಕ ಆಟಿಕೆ ಇಟ್ಟು, ಹೊರಗೆ ಬಂದವರನ್ನು ಏನೇನು ನೋಡಿದಿರಿ ಅಂತ ಕೇಳಿದರು. ಮೋಡ ಮಳೆಯ ದಿನ ಮಂಕಾಗಿದ್ದ ಗಿರಾಕಿಗಳೇ ಜಾಸ್ತಿ ನೆನಪಿಟ್ಟುಕೊಂಡಿದ್ದರು. 2009ರಲ್ಲಿ ಪ್ರಕಟವಾಯಿತು. ಒಂದೇ ಅಂಗಡಿಯ ಅಧ್ಯಯನ, ಅದರ ಮೇಲೆ ಮನೆ ಕಟ್ಟಬೇಡಿ. ಆದರೂ ಜುಲೈಯಲ್ಲಿ ಮುಖ ಊದಿಸಿಕೊಂಡು ಕೂತ ನಮ್ಮಪ್ಪ ಯಾರ ಸಾಲ ಎಷ್ಟು ಬಾಕಿ ಅಂತ ಪೈಸೆ ಸಮೇತ ಹೇಳುವುದು ಯಾಕೆ ಅಂತ ಈಗ ಗೊತ್ತಾಯಿತು.

ಕಳಸದ ಅಕ್ಕ

ಭಯದ ಬಗ್ಗೆ ಇಷ್ಟು ಚೆಂದವಾಗಿ ಮಾತಾಡುವವರೆಲ್ಲ ಆಗಸ್ಟಿನಲ್ಲಿ ಒಂದು ವಾರ ನಮ್ಮ ಮನೆಗೆ ಬಂದು ಮಲಗಿ.

2019ರ ಆಗಸ್ಟ್ ನೆನಪಿದೆಯಲ್ಲ. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಚಾರ್ಮಾಡಿ ಘಾಟಿ, ನಮ್ಮ ಕಡೆಯೆಲ್ಲ ಗುಡ್ಡ ಬಾಯಿ ಬಿಟ್ಟಿತ್ತು. ನಮ್ಮ ಮನೆಗೆ ಏನೂ ಆಗಲಿಲ್ಲ. ಹಿಂದಿನ ದರೆ ಮಾತ್ರ ಅರ್ಧ ಕುಸಿಯಿತು. ಆವತ್ತಿನಿಂದ ಬಾಗಿಲ ಹತ್ತಿರ ಒಂದು ಚೀಲ ಇಟ್ಟಿದ್ದೇನೆ. ಪಹಣಿ, ಆಧಾರ್, ಟಾರ್ಚು, ಅತ್ತೆಯ ಬಿಪಿ ಮಾತ್ರೆ. ಗುಡ್ಡದ ನೀರು ಕೆಂಪಾಯಿತಾ, ನೀರು ಬರುತ್ತಿದ್ದ ಜಾಗದಲ್ಲಿ ಬರುವುದು ನಿಂತಿತಾ, ಮರ ವಾಲಿತಾ, ಇದನ್ನೆಲ್ಲ ನೋಡಲು ಕಲಿತೆ. ಇದು ಭಯ ಕೊಟ್ಟ ವಿದ್ಯೆಯೇ.

ಆದರೆ ಅತ್ತೆ? ಅವರು ಜೋರು ಮಳೆ ಬಂದರೆ ರಾತ್ರಿಯಿಡೀ ಗೋಡೆಗೆ ಒರಗಿ ಕೂತಿರುತ್ತಾರೆ. ಚೀಲ ತುಂಬಿಸಿ ಆಯಿತು, ದರೆಗೆ ಕಲ್ಲು ಕಟ್ಟಿಸಿ ಆಯಿತು, ಮಾಡುವ ಕೆಲಸ ಯಾವುದೂ ಬಾಕಿ ಇಲ್ಲ. ಭಯ ಮಾತ್ರ ಬಾಕಿ. ಆರು ವರ್ಷ ಆಯಿತು. ಆ ಭಯದಿಂದ ಯಾವ ವಿದ್ಯೆಯೂ ಬರುವುದಿಲ್ಲ, ಮುದುಕಿಯ ನಿದ್ದೆ ಹೋಗುತ್ತದೆ, ಅಷ್ಟೇ.

ರಾತ್ರಿ ಪಾಳಿ (ಹಾಸನ)

ಕಳಸದ ಅಕ್ಕ, ನಾನು ನರ್ಸ್. ದಯವಿಟ್ಟು ಅತ್ತೆಯವರನ್ನು ಒಮ್ಮೆ ತೋರಿಸಿ. ಇದು ವಯಸ್ಸು, ಸ್ವಭಾವ ಅಂತ ಬಿಡಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, 14416. 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಎರಡು ಗಂಟೆಗೂ.

ಈ ಚರ್ಚೆ ಓದುವ ಉಳಿದವರಿಗೂ ಹೇಳುತ್ತೇನೆ. ದುಃಖಕ್ಕೆ ಬೆಲೆ ಇದೆ ಅನ್ನುವುದನ್ನು ಖಿನ್ನತೆಗೆ ಅನ್ವಯಿಸಬೇಡಿ. ದುಃಖದಲ್ಲಿರುವವರು ಮೊಮ್ಮಗು ಬಂದರೆ ಒಂದು ಗಳಿಗೆ ನಗುತ್ತಾರೆ, ಮತ್ತೆ ಅಳುತ್ತಾರೆ. ಎರಡು ವಾರ ಮೀರಿ, ದಿನದ ಹೆಚ್ಚು ಹೊತ್ತು, ಯಾವುದರಲ್ಲೂ ಆಸೆ ಇಲ್ಲ, ನಿದ್ದೆ ಊಟ ಕೆಟ್ಟಿದೆ, ಸಾಯಬೇಕು ಅನ್ನಿಸುತ್ತದೆ ಅಂದರೆ ಅದು ಕಾಯಿಲೆ. ಅದರಿಂದ ಪಾಠ ಕಲಿಯಲು ಕೂರಬೇಡಿ.

ಇನ್ನೊಂದು ಕಡೆ, ನಾವು ದುಃಖಕ್ಕೆ ಸಮಯವನ್ನೇ ಕೊಡುತ್ತಿಲ್ಲ. ಸೂತಕ ಅಂತ ಹನ್ನೊಂದು ಹದಿಮೂರು ದಿನ ಇಟ್ಟಿದ್ದರಲ್ಲ, ಅದರ ಮೈಲಿಗೆ ಮಾತು ನನಗೆ ಬೇಡ. ಆದರೆ ಅಷ್ಟು ದಿನ ಮನೆಯವರು ಒಲೆ ಮುಂದೆ ನಿಲ್ಲಬೇಕಿರಲಿಲ್ಲ, ಹಬ್ಬಕ್ಕೆ ಹೋಗಬೇಕಿರಲಿಲ್ಲ, ನಗುಮುಖ ಮಾಡಬೇಕಿರಲಿಲ್ಲ. ಅಕ್ಕಪಕ್ಕದವರು ಅನ್ನ ತರುತ್ತಿದ್ದರು. ನನ್ನಪ್ಪ ಹೋದಾಗ ನಾನು ನಾಲ್ಕನೇ ದಿನ ಡ್ಯೂಟಿಗೆ ಬಂದೆ. ಅಳು ಬಂದದ್ದು ಏಳು ತಿಂಗಳು ಕಳೆದ ಮೇಲೆ, ಮಹಾವೀರ ಸರ್ಕಲ್‌ನಲ್ಲಿ, ಸಿಗ್ನಲ್ ಬಿದ್ದಾಗ, ಪಕ್ಕದ ಸ್ಕೂಟರ್‌ನವರು ಅಪ್ಪನ ಹಾಗೇ ಕೆಮ್ಮಿದರು.

ಕ್ಲಚ್ ವೈರ್

ಅಕ್ಕ 🙏

ಅಳುವ ಮಾತು ಬಂದದ್ದಕ್ಕೆ. ನಾನು ಅಳುವವನಲ್ಲ. 2023ರ ಡಿಸೆಂಬರ್ 4, ಯಸಳೂರು ಕಡೆ ಕಾಡಾನೆ ಹಿಡಿಯಲು ಹೋದ ದಸರಾ ಆನೆ ಅರ್ಜುನ ಸತ್ತ ದಿನ ಅತ್ತಿದ್ದೆ. ನಮ್ಮ ಮಾವನ ಗದ್ದೆ ಮೂರು ವರ್ಷ ಆನೆ ತುಳಿದಿದೆ, ಆನೆ ಅಂದರೆ ಬೈಯದ ದಿನ ಇಲ್ಲ. ಅಂಥ ಮಾವನೂ ಅವತ್ತು ಊಟ ಬಿಟ್ಟರು. ಇದರಿಂದ ಏನು ಉಪಯೋಗ ಅಂತ ಕೇಳಿದರೆ ಏನೂ ಇಲ್ಲ. ಉಪಯೋಗಕ್ಕೆ ಅಂತ ಅತ್ತದ್ದೂ ಅಲ್ಲ.

ಗೊಮ್ಮಟನ ಮೆಟ್ಟಿಲು (ಶ್ರವಣಬೆಳಗೊಳ)

ಇಲ್ಲಿ ದಿನಾ ಜನ ಬೆಟ್ಟ ಹತ್ತಿ 58 ಅಡಿ ಮೂರ್ತಿ ನೋಡಿ "ಎಷ್ಟು ಶಾಂತ ಅಲ್ವಾ" ಅನ್ನುತ್ತಾರೆ. ಆ ಶಾಂತಿ ಎಲ್ಲಿಂದ ಶುರುವಾಯಿತು ಅಂತ ಕೇಳುವವರು ಕಡಿಮೆ. ಹೇಸಿಗೆಯಿಂದ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಬಾಹುಬಲಿ ಗೆದ್ದ. ಸೋತ ಅಣ್ಣ ಭರತ ತಮ್ಮನ ಮೇಲೆ ಚಕ್ರವನ್ನೇ ಬಿಟ್ಟ. ಒಂದು ತುಂಡು ನೆಲಕ್ಕಾಗಿ ಒಡಹುಟ್ಟಿದವರು ಎಲ್ಲಿಗೆ ಬಂದು ನಿಂತೆವು ಅಂತ ಗೆದ್ದವನಿಗೇ ಹೇಸಿಗೆ ಆಯಿತು. ರಾಜ್ಯವನ್ನು ಸೋತು ಬಿಟ್ಟದ್ದಲ್ಲ, ಗೆದ್ದು ಬಿಟ್ಟದ್ದು.

ನನ್ನದು ಅಷ್ಟು ದೊಡ್ಡ ಕತೆ ಅಲ್ಲ. ತಮ್ಮನ ಜೊತೆ ಹನ್ನೆರಡು ಗುಂಟೆಗೆ ಕೋರ್ಟು, ಒಂಬತ್ತು ವರ್ಷ. ಒಂದು ದಿನ ಸರ್ವೆಯವರ ಜೊತೆ ಟೇಪು ಹಿಡಿದು ನಿಂತಿದ್ದೆ. ಆ ಕಡೆ ತುದಿ ಹಿಡಿದವನು ತಮ್ಮ. ಅವನ ಕೂದಲು ಪೂರ್ತಿ ಬೆಳ್ಳಗಾಗಿತ್ತು, ನಾನು ನೋಡಿಯೇ ಇರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯ ಆಯಿತು. ಮುಂದಿನ ತಾರೀಕಿಗೆ ರಾಜಿ ಬರೆದೆವು. ಈಗಲೂ ಅವನು ಸರಿಯಾಗಿ ಮಾತಾಡುವುದಿಲ್ಲ, ನಾನೇನು ಮುನಿಯಲ್ಲ, ನನಗೂ ಉರಿಯುತ್ತದೆ. ಆದರೆ ಕೋರ್ಟಿಗೆ ಹೋಗುವ ಬಸ್ ಚಾರ್ಜು ಉಳಿದಿದೆ.

ಚಾಕ್‌ಪೀಸು (ಅರಸೀಕೆರೆ)

ಟೀಚರ್ ನಾನು. ನಾಚಿಕೆ ಬೇರೆ, ಅವಮಾನ ಬೇರೆ ಅಂತ ಹೇಳಲು ಬಂದೆ. ನಾಚಿಕೆ ಒಳಗಿಂದ ಬರುತ್ತದೆ. ಅವಮಾನವನ್ನು ಬೇರೆಯವರು ಮಾಡುತ್ತಾರೆ. ಒಬ್ಬ ಹುಡುಗ ಹೋಂವರ್ಕ್ ನಕಲು ಮಾಡಿದ್ದಕ್ಕೆ ಇಡೀ ಕ್ಲಾಸಿನ ಮುಂದೆ ನಿಲ್ಲಿಸಿ ಓದಿಸಿದೆ. ಒಂದು ವಾರ ಶಾಲೆಗೇ ಬರಲಿಲ್ಲ. ಅವನಿಗೆ ನಾನು ಕೊಟ್ಟದ್ದು ಅವಮಾನ. ಆ ವಾರ ನನಗೆ ಆದದ್ದು ನಾಚಿಕೆ. ಅವನ ಮನೆಗೆ ಹೋಗಿ ತಪ್ಪಾಯಿತು ಅಂದೆ. ಅವನಮ್ಮ ಗಾಬರಿಯಾದರು, ಟೀಚರ್ ತಪ್ಪಾಯಿತು ಅಂದದ್ದು ಅವರು ಕೇಳಿರಲಿಲ್ಲ.

ಅಂದಹಾಗೆ ‘ಅಳುವ ಗಂಡಸನ್ನು ನಂಬಬೇಡ, ನಗುವ ಹೆಂಗಸನ್ನು ನಂಬಬೇಡ’ ಅನ್ನುವ ಗಾದೆ ಕಟ್ಟಿದವರು ಯಾರು? ಒಂದೇ ಗಾದೆಯಲ್ಲಿ ಇಬ್ಬರನ್ನೂ ಹಾಳು ಮಾಡಿದ್ದಾರೆ.

ಸೊಸೆಕಲ್ಲು (ಹಾಸನ)

ಇದನ್ನು ಬರೆಯಬೇಕಾ ಬೇಡವಾ ಅಂತ ಎರಡು ದಿನ ನೋಡಿದೆ.

ಹಾಸನಾಂಬೆ ಗುಡಿಯ ಸೊಸೆ ಕಲ್ಲು ಗೊತ್ತಲ್ಲ. ದಿನಾ ದೇವಿಯ ದರ್ಶನಕ್ಕೆ ಬರುತ್ತಿದ್ದ ಸೊಸೆಯನ್ನು ಅತ್ತೆ ಹಿಂಬಾಲಿಸಿ ಬಂದು, ಮನೆಗೆಲಸಕ್ಕಿಂತ ದೇವರು ಹೆಚ್ಚಾ ಅಂತ ಬಟ್ಟಲಿನಿಂದ ತಲೆಗೆ ಕುಟ್ಟಿದಳಂತೆ. ಸೊಸೆ ‘ಅಮ್ಮಾ ಕಾಪಾಡು’ ಅಂದಳಂತೆ, ದೇವಿ ಅವಳನ್ನು ಕಲ್ಲು ಮಾಡಿದಳಂತೆ. ಆ ಕಲ್ಲು ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ದೇವಿಯ ಕಡೆ ಸರಿಯುತ್ತದೆ ಅಂತ ನಂಬಿಕೆ. ಚಿಕ್ಕವಳಿದ್ದಾಗ ದೇವಿ ದೊಡ್ಡವಳು ಅನ್ನಿಸಿತ್ತು. ಮದುವೆ ಆದ ಮೇಲೆ ಅನ್ನಿಸಿದ್ದು, ಕಾಪಾಡು ಅಂದವಳನ್ನು ಕಲ್ಲು ಮಾಡುವುದು ಎಂಥ ಕಾಪಾಡುವುದು?

ನಮ್ಮ ಮನೆಯಲ್ಲಿ ಯಾರೂ ನನಗೆ ಹೊಡೆದಿಲ್ಲ, ಬೈದಿಲ್ಲ. ಹನ್ನೆರಡು ವರ್ಷ ‘ಏನಾಯ್ತು’ ಅಂದರೆ ‘ಏನೂ ಇಲ್ಲ’ ಅಂದೆ. ಒಂದು ದಿನ ಮೊಸರು ಯಾರು ಖಾಲಿ ಮಾಡಿದರು ಅನ್ನುವ ಮಾತಿಗೆ ಸಿಡಿದುಬಿಟ್ಟೆ. ಮೊಸರಿಂದ ಶುರುವಾಗಿ ಎಲ್ಲಿಗೋ ಹೋಯಿತು. ಈ ಮನೆಯಲ್ಲಿ ಹನ್ನೆರಡು ವರ್ಷದಲ್ಲಿ ಒಂದು ದಿನವೂ ಬಿಸಿ ಮುದ್ದೆ ತಿಂದಿಲ್ಲ, ಎಲ್ಲರಿಗೂ ಬಡಿಸಿ ಕೂರುವಾಗ ಅದು ಕಲ್ಲಾಗಿರುತ್ತದೆ ಅಂದೆ. ನನಗೇ ಗೊತ್ತಿರಲಿಲ್ಲ ಅದು ಒಳಗೆ ಇದೆ ಅಂತ. ಮೂರು ದಿನ ಯಾರೂ ಮಾತಾಡಲಿಲ್ಲ. ನಾಲ್ಕನೇ ದಿನ ಅತ್ತೆ ತಟ್ಟೆ ಇಟ್ಟು "ನೀನೂ ಕೂತ್ಕೋ, ಹಾಕ್ಕೊಂಡು ತಿಂದ್ರಾಯ್ತು" ಅಂದರು. ಮಾವನ ಮುಖ ಇವತ್ತಿಗೂ ಗಂಟೇ. ಇರಲಿ. ಒಂದು ಅಕ್ಕಿಕಾಳಿನಷ್ಟು ಸರಿದಿದ್ದೇನೆ.

ಬೇಲೂರು ಬಿಸಿಲು

ತಾಯಿ, ನಿಮ್ಮ ಮಾತು ಓದಿ ನನ್ನ ಮಾತು ಸ್ವಲ್ಪ ತಿದ್ದುಕೊಳ್ಳಬೇಕಾಯಿತು. ಪೂರ್ತಿ ಅಲ್ಲ. ನಮ್ಮಪ್ಪನ ಸಿಟ್ಟಿನಲ್ಲಿ ನಮಗೆ ಗೊತ್ತಿಲ್ಲದ ಸುದ್ದಿ ಏನೂ ಇರುತ್ತಿರಲಿಲ್ಲ, ಯಜಮಾನ ಯಾರು ಅಂತ ಮತ್ತೆ ಮತ್ತೆ ಹೇಳುವುದಷ್ಟೇ. ನಿಮ್ಮ ಸಿಟ್ಟಿನಲ್ಲಿ ಸುದ್ದಿ ಇತ್ತು. ಎರಡನ್ನೂ ಸಿಟ್ಟು ಅಂತಲೇ ಕರೆಯುವುದು, ಬಸ್ಸಣ್ಣ ಹೇಳಿದ ಬೇಜಾರಿನ ಹಾಗೆ, ನಮ್ಮ ಸೋಮಾರಿತನ.

ನಮ್ಮಮ್ಮನಿಗೂ ಸಿಟ್ಟು ಇತ್ತೋ ಏನೋ. ಯಾರೂ ಕೇಳಲಿಲ್ಲ.

ಕಳಸದ ಅಕ್ಕ

ಸುದ್ದಿ ಇರುವ ಸಿಟ್ಟು ಅಂದಿರಲ್ಲ, ಕುದುರೆಮುಖ ನೆನಪಾಯಿತು. ಭದ್ರೆಯ ನೀರು ಗಣಿ ಮಣ್ಣಿಗೆ ಕೆಂಪಾಗುತ್ತಿತ್ತು. ಸಿಟ್ಟು ಬಂದವರು ಕಲ್ಲು ಹೊಡೆಯಲಿಲ್ಲ, ಕಾಗದ ಜೋಡಿಸಿ ಸುಪ್ರೀಂ ಕೋರ್ಟಿಗೆ ಹೋದರು. 2002ರಲ್ಲಿ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಅಲ್ಲಿ ಕೆಲಸ ಹೋದವರ ಕ್ವಾರ್ಟರ್ಸ್ ಈಗ ಪಾಳು. ಅವರ ಸಂಕಟವೂ ಸುಳ್ಳಲ್ಲ, ನಮ್ಮ ಚಿಕ್ಕಪ್ಪ ಅವರಲ್ಲಿ ಒಬ್ಬರು.

(ರಾತ್ರಿ ಪಾಳಿ ತಂಗಿ, 14416ಕ್ಕೆ ಫೋನ್ ಮಾಡಿದೆ. ಅತ್ತೆ ಮೊದಲು ಮಾತಾಡಲ್ಲ ಅಂದರು. ಆಮೇಲೆ ಇಪ್ಪತ್ತು ನಿಮಿಷ ಮಾತಾಡಿದರು. ಮುಂದಿನ ವಾರ ಆಸ್ಪತ್ರೆಗೆ.)

ಒಂದೂವರೆ ಎಕರೆ

ಎಲ್ಲ ಓದಿದೆ. ಮೊನ್ನೆ ಬೇಲೂರು ಸಾರ್‌ಗೆ ಉತ್ತರ ಇಲ್ಲ ಅಂದಿದ್ದೆ, ಈಗ ಸ್ವಲ್ಪ ಹೊಳೆಯುತ್ತಿದೆ. ಅಮ್ಮ ಹೇಳಿದ್ದನ್ನೇ ಪಕ್ಕದ ತೋಟದ ಯಜಮಾನರು ಹೇಳಿದ್ದರೆ? ‘ಈ ಸಲ ಯಾಕೋ ಅನುಮಾನ, ಬೇಗ ಬೋರ್ಡೋ ಹೊಡೆಸು’ ಅಂದಿದ್ದರೆ ಅದೇ ಸಂಜೆ ಮೈಲುತುತ್ತ ತರುತ್ತಿದ್ದೆ. ಅದನ್ನು ಅನುಭವ ಅನ್ನುತ್ತಿದ್ದೆ. ಅಮ್ಮ ಹೇಳಿದಾಗ ಹೆಂಗಸರ ಪುಕ್ಕಲು ಅನ್ನಿಸಿತು. ರಬ್ಬರ್ ಬ್ಯಾಂಡ್ ಬರೀ ನೆಪ. ಮೂವತ್ತು ವರ್ಷದಿಂದ ಆ ತೋಟದಲ್ಲಿ ದಿನಾ ಓಡಾಡುವವರು ಅವರು. ನಾನು ಶನಿವಾರದ ಗಿರಾಕಿ.

ನಿನ್ನೆ ಹೋಗಿದ್ದೆ. ಈ ಸಲ ಮೊದಲೇ ಆಳು ಕರೆಸಿ ಬೋರ್ಡೋ ಹೊಡೆಸಿ, ಚರಂಡಿ ಬಿಡಿಸಿ, ದೊಡ್ಡ ಕೆಲಸ ಮಾಡಿದವನ ಹಾಗೆ ಅಮ್ಮನ ಹತ್ತಿರ ಕೂತು "ಈಗ ಸಮಾಧಾನಾನಾ?" ಅಂದೆ. ಅಮ್ಮ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಹೇಳಿದರೆ ಮತ್ತೆ ಏನಂತಾನೋ ಅಂತ ಅಳುಕು ಅದು, ಈಗ ಪದ ಗೊತ್ತಾಗಿದೆ. ಆಮೇಲೆ ಅಂದರು: "ಮೆಣಸು ಬಿಡು. ಆ ಹಿತ್ತಲ ಹಲಸಿನ ಮರ ಮನೆ ಕಡೆ ವಾಲಿದೆ ಕಣೋ. ಹೋದ ಮಳೆಗಾಲದಿಂದ ನೋಡ್ತಾ ಇದ್ದೀನಿ. ನಿಂಗೆ ಹೇಳ್ಲಿಲ್ಲ."

ಹೋಗಿ ನೋಡಿದೆ. ಬುಡದ ಮಣ್ಣು ಒಂದು ಕಡೆ ಬಿರುಕು ಬಿಟ್ಟಿದೆ. ಅದರ ನೇರಕ್ಕೆ ಅಮ್ಮ ಮಲಗುವ ಕೋಣೆ.

ಮರ ಇಳಿಸುವವರು ಯಾರಾದರೂ ಗೊತ್ತಾ? ಮನೆಗೆ ತಾಗದ ಹಾಗೆ ಹಗ್ಗ ಕಟ್ಟಿ ಕೊಂಬೆ ಕೊಂಬೆಯಾಗಿ ಇಳಿಸಬೇಕು. ಮಳೆ ಹಿಡಿಯುವುದರೊಳಗೆ.

ಕ್ಲಚ್ ವೈರ್

ಬಾಳ್ಳುಪೇಟೆಯಲ್ಲಿ ಒಂದು ತಂಡ ಇದೆ, ಒಳ್ಳೆ ಕೆಲಸ. ಗುರುವಾರ ನನ್ನ ಗಾಡಿ ಆ ಕಡೆಯೇ ಬರುತ್ತದೆ, ಹಗ್ಗ, ಗರಗಸ ಹಾಕಿಕೊಂಡು ಅವರನ್ನೂ ಕರೆದುಕೊಂಡು ಬರುತ್ತೇನೆ. ಅಲ್ಲಿಯವರೆಗೆ ಅಮ್ಮನನ್ನು ಮುಂದಿನ ಕೋಣೆಯಲ್ಲಿ ಮಲಗಿಸಿ.

ಒಂದೂವರೆ ಎಕರೆ

ನಿನ್ನೆ ರಾತ್ರಿಯೇ ಹಾಸಿಗೆ ಬದಲಾಯಿಸಿದೆವು. ಮರದಲ್ಲಿ ಕಾಯಿ ತುಂಬಾ ಇದೆ, ಗುರುವಾರ ಬರುವವರು ಚೀಲ ತನ್ನಿ.